ತುತ್ತೂರಿಗೊಂದು ಮನೆ

ಅವನಿಗೆ ರೇಡಿಯೋ ಎಂದು ಹೆಸರಿಟ್ಟವರು ಅವನ ಗಿರಾಕಿಗಳೇ. ಕತ್ತರಿ ಆಡಿದಷ್ಟು ಹೊತ್ತೂ ಅವನ ಬಾಯಿ ಆಡುತ್ತಿತ್ತು. ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡವರು ಅರ್ಧ ತಲೆ ಹೊತ್ತು ಎದ್ದು ಓಡುವ ಹಾಗಿಲ್ಲವಲ್ಲ, ಕೇಳಲೇಬೇಕು. ಮೊದಲು ಪೇಟೆಯ ಸುದ್ದಿ, ಆಮೇಲೆ ಮಳೆ ಬಿಸಿಲು, ಕೊನೆಗೆ ಮಗಳು. ಮಗಳ ಸುದ್ದಿಗೆ ಬಂದನೆಂದರೆ ಕ್ಷೌರ ಮುಗಿಯಿತು ಎಂದುಕೊಂಡವರು ಮೋಸ ಹೋಗುತ್ತಿದ್ದರು. ಅಲ್ಲಿಂದಲೇ ಅವನ ಕೈ ನಿಧಾನವಾಗುತ್ತಿದ್ದದ್ದು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಈ ಹುಡುಗಿಯ ಮಟ್ಟಿಗೆ ಆ ಗಾದೆಯನ್ನು ಪಕ್ಕಕ್ಕಿಡಬೇಕು. ಅವಳು ಟ್ರಂಪೆಟ್ ಊದುತ್ತಿದ್ದಳು. ಅಪ್ಪನ ಬಾಯಲ್ಲಿ ಅದು ಯಾವಾಗಲೂ ತುತ್ತೂರಿ. ದೊಡ್ಡ ನಗರದ ಸಂಗೀತ ಶಾಲೆಯವರು ಆ ವರ್ಷ ತುತ್ತೂರಿಗೆಂದು ಆರಿಸಿದ್ದು ಅವಳೊಬ್ಬಳನ್ನೇ. ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದ ಅಮ್ಮ ಅದೇ ನಗರಕ್ಕೆ ವರ್ಗ ಕೇಳಿ ಪಡೆದಳು. ರೇಡಿಯೋ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಕತ್ತರಿ ಬಾಚಣಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಬೇಕಾಗಿದ್ದದ್ದು ಒಂದು ಮನೆ, ಅಷ್ಟೇ. ಆದರೆ ಆ ಮನೆಯಲ್ಲಿ ದಿನಾ ಸಂಜೆ ತುತ್ತೂರಿ ಊದಬೇಕು. ಮನೆಯಲ್ಲಿ ಅಭ್ಯಾಸಕ್ಕೆ ಜಾಗವಿಲ್ಲದವರು ಮೊದಲ ಪರೀಕ್ಷೆಯಲ್ಲೇ ಉದುರಿ ಹೋಗುತ್ತಾರೆ ಎಂದು ಶಾಲೆಯವರು ಮುಂಚೆಯೇ ಎಚ್ಚರಿಸಿದ್ದರು. ಸೋಮವಾರ ಕ್ಲಾಸು ಶುರು. ಶನಿವಾರ ಬೆಳಿಗ್ಗೆ ಮೂವರೂ ಲಾಡ್ಜಿನಿಂದ ಹೊರಬಿದ್ದರು.

ಮೊದಲು ಹೋದದ್ದು ಊರಾಚೆಯ ಹೊಸ ಬಡಾವಣೆಗೆ. ಸಾಲು ಸಾಲು ಎತ್ತರದ ಕಟ್ಟಡಗಳು, ಎಲ್ಲಕ್ಕೂ ಒಂದೇ ಬಣ್ಣ. ಲಿಫ್ಟಿನ ಪಕ್ಕದಲ್ಲಿ ಏನೇನು ಮಾಡಬಾರದು ಎಂದು ದೊಡ್ಡ ಫಲಕ. ಉಸಿರಾಡಬಾರದು ಅನ್ನುವುದೊಂದನ್ನು ಮರೆತಿದ್ದಾರೆ ಎಂದು ರೇಡಿಯೋ ಮಗಳ ಕಿವಿಯಲ್ಲಿ ಉಸುರಿದ. ಮನೆ ಮಾತ್ರ ಚೊಕ್ಕವಾಗಿತ್ತು. ಕಟ್ಟಡದ ಸೆಕ್ರೆಟರಿ ಸಂಸಾರದ ಬಗ್ಗೆ ವಿಚಾರಿಸಿದ್ದೇ ತಡ, ರೇಡಿಯೋ ಚಾಲೂ ಆಯಿತು. ಮಗಳು ಅಂಬೆಗಾಲಿಡುವಾಗ ಎಣ್ಣೆ ಸುರಿಯುವ ಆಲಿಕೆ ಊದಿದ್ದರಿಂದ ಹಿಡಿದು ಮೈದಾನದ ಆ ತುದಿಗೆ ಕೇಳುವಂತೆ ಊದಿದ್ದರವರೆಗೂ ಹೇಳಿದ. ಮೈದಾನದ ಆ ತುದಿಗೆ ಎಂದಾಗ ಸೆಕ್ರೆಟರಿಯ ಮುಖ ಸಣ್ಣಗಾಯಿತು. ಮನೆ ಬೇರೆ ಯಾರಿಗೋ ಮಾತಾಗಿದೆ ಎಂದು ಆತನಿಗೆ ಆಗಲೇ ನೆನಪಾದದ್ದು.

ಮಧ್ಯಾಹ್ನ ಹೋದದ್ದು ನಗರದ ಇನ್ನೊಂದು ಅಂಚಿಗೆ, ಗ್ಯಾರೇಜು, ಮರಗೆಲಸದ ಶೆಡ್ಡುಗಳ ಬೀದಿಗೆ. ಕೆಳಗೆ ಗರಗಸದ ಸದ್ದು, ಮೇಲೆ ಖಾಲಿ ಮನೆ. ಗೋಡೆ ಸುಣ್ಣ ಕಂಡು ಎಷ್ಟೋ ಕಾಲವಾಗಿತ್ತು. ಮಾಲೀಕ ಬಡಗಿ, ರೆಪ್ಪೆಯ ಮೇಲೂ ಮರದ ಪುಡಿ ಹೊತ್ತ ಮನುಷ್ಯ. ತುತ್ತೂರಿಯ ಮಾತು ಬಂದಾಗ, ನಮ್ಮ ಗರಗಸದ ಮುಂದೆ ಅದ್ಯಾವ ಲೆಕ್ಕ, ಊದಿಕೊಳ್ಳಲಿ ಬಿಡಿ ಎಂದ. ಸಂಜೆ ತಾನು ಗರಗಸ ನಿಲ್ಲಿಸಿದ ಮೇಲೆ ಬೀದಿ ಬಿಕೋ ಅನ್ನುತ್ತದೆ ಅಂತಲೂ ಸೇರಿಸಿದ. ಹುಡುಗಿಯ ಮುಖ ಅರಳಿತು. ಆದರೆ ರೇಡಿಯೋ ಕಿಟಕಿಯಿಂದ ಕೆಳಗೆ ನೋಡುತ್ತಿದ್ದ. ಬೇರೆಯವರು ಊರು ನೋಡುವಾಗ ರಸ್ತೆ ನೋಡುತ್ತಾರೆ, ಅವನು ತಲೆ ನೋಡುತ್ತಿದ್ದ. ಓಡಾಡುವವರ ತಲೆಗಳೆಲ್ಲ ಮನೆಯಲ್ಲೇ ಕತ್ತರಿಸಿಕೊಂಡವು. ಕಿವಿಯ ಹಿಂದೆ ಒಂದು ಕಡೆ ಏರು, ಒಂದು ಕಡೆ ಇಳಿಜಾರು. ಹೆಂಡತಿ ಕೂರಿಸಿ ಕತ್ತರಿಸುವ ಊರಿನಲ್ಲಿ ನನ್ನ ಕುರ್ಚಿಗೆ ಯಾರು ಬರುತ್ತಾರೆ ಎಂದು ಮೂಗು ಮುರಿದ. ಮಗಳು ಮೊದಲೇ ಮೆಟ್ಟಿಲಿಳಿದಳು. ನೋಡಿ ಹೇಳುತ್ತೇವೆ ಎಂದು ಬಡಗಿಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿ ಬಂದರು.

ರಾತ್ರಿ ಊಟದ ಹೊತ್ತಿಗೆ ಹೆಂಡತಿ ತೀರ್ಪು ಕೊಟ್ಟಳು.

"ರೀ, ನಾಳೆ ನೋಡೋದು ಕೊನೇ ಮನೆ. ಅಲ್ಲಿ ನೀವು ಬಾಯಿ ಬಿಡಬಾರದು. ಅವಳು ತುತ್ತೂರಿ ಊದೋದು ಸಾಲದು ಅಂತ ನೀವೂ ಊದ್ತೀರ. ಮೊದಲು ಮನೆಯೊಳಗೆ ಸೇರ್ಕೊಳ್ಳೋಣ, ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು."

ಅವನು ತಲೆಯಾಡಿಸಿದ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಅವನೂ ಕೇಳಿದ್ದ. ಆದರೆ ಬೆಳ್ಳಿಯಲ್ಲೇ ಅವನ ಬದುಕು ನಡೆದುಬಂದಿತ್ತು.

ಭಾನುವಾರದ ಮನೆ ನೋಡಿ ಮೂವರೂ ರಸ್ತೆಯಲ್ಲೇ ನಿಂತುಬಿಟ್ಟರು. ಉದ್ಯಾನದ ಎದುರಿನ ಹಳೆಯ ಬಡಾವಣೆ, ಹೂವಿನ ಬಳ್ಳಿ ಹಬ್ಬಿದ ಗೇಟು, ಅಮ್ಮನ ಆಸ್ಪತ್ರೆಗೆ ನಡೆದೇ ಹೋಗಬಹುದು. ಬೀದಿಯ ಮೂಲೆಯಲ್ಲಿ ಖಾಲಿ ಅಂಗಡಿಯೊಂದು ಬಾಡಿಗೆಗೂ ಇತ್ತು. ಓಡಾಡುವ ತಲೆಗಳಂತೂ ಒಂದಕ್ಕಿಂತ ಒಂದು ಚೆಂದ, ತಿಂಗಳು ತಪ್ಪದೆ ಕುರ್ಚಿಗೆ ಬರುವ ತಲೆಗಳು. ರೇಡಿಯೋ ಆಗಲೇ ಮನಸ್ಸಿನಲ್ಲಿ ಕನ್ನಡಿ ತೂಗುಹಾಕಿಬಿಟ್ಟ.

ಮಾಲೀಕಳು ನಿವೃತ್ತ ಗ್ರಂಥಪಾಲಕಿ. ಬೆಳ್ಳಗಿನ ಕೂದಲು, ಮೆಲ್ಲಗಿನ ದನಿ. ಬಾಗಿಲು ಮುಚ್ಚುವಾಗಲೂ ಹಿಡಿಕೆಯನ್ನು ಕೊನೆಯತನಕ ಬಿಡದೆ ಮುಚ್ಚುವಷ್ಟು ನಾಜೂಕು. ಪ್ರೀತಿಯಿಂದ ಕೂರಿಸಿ ನೀರು ಕೊಟ್ಟಳು. ನರ್ಸ್ ಎಂದು ತಿಳಿದು ಇನ್ನಷ್ಟು ಖುಷಿಪಟ್ಟಳು. ಕೀಲಿಕೈ ತಂದು ಮೇಜಿನ ಮೇಲಿಟ್ಟು, ಮಗಳು ಏನು ಮಾಡುತ್ತಾಳೆ ಎಂದು ಕೇಳಿದಳು.

ರೇಡಿಯೋನ ನಾಲಿಗೆ ಹಲ್ಲಿನ ತನಕ ಬಂದು ವಾಪಸು ಹೋಯಿತು. "ಓದ್ತಾಳೆ" ಎಂದ. ಹುಟ್ಟಿದಾಗಿನಿಂದ ಮಗಳ ಬಗ್ಗೆ ಅವನು ಆಡಿದ ಅತಿ ಚಿಕ್ಕ ಮಾತು ಅದು.

ಗ್ರಂಥಪಾಲಕಿ ನಿಟ್ಟುಸಿರು ಬಿಟ್ಟಳು. ಓದುವ ಹುಡುಗಿಯಾದರೆ ತನಗೆ ನೆಮ್ಮದಿ, ಹಿಂದೆ ಇದ್ದ ಹುಡುಗ ಗಿಟಾರ್ ಬಾರಿಸಿ ಬಾರಿಸಿ ತನ್ನ ನಿದ್ದೆಯನ್ನೇ ಕಿತ್ತುಕೊಂಡಿದ್ದ ಎಂದಳು.

ಆಗ ರೇಡಿಯೋನ ಕಣ್ಣು ಮಗಳ ಕಾಲಿನ ಕಡೆ ಹೋಯಿತು. ಲಾಡ್ಜಿನಲ್ಲಿ ಬಿಟ್ಟು ಬರಲು ಮನಸ್ಸಾಗದೆ ಅವಳು ತುತ್ತೂರಿಯ ಪೆಟ್ಟಿಗೆಯನ್ನು ಜೊತೆಗೇ ತಂದಿದ್ದಳು. ಈಗ ಅದನ್ನು ಪಾದದಿಂದ ಮೆಲ್ಲಗೆ, ಯಾರಿಗೂ ಕಾಣದಂತೆ, ಸೋಫಾದ ಹಿಂದಕ್ಕೆ ತಳ್ಳುತ್ತಿದ್ದಳು. ಊರ ಮೈದಾನದಲ್ಲಿ ಎದೆ ಸೆಟೆಸಿ ಎತ್ತಿ ಹಿಡಿದಿದ್ದ ವಸ್ತುವನ್ನು ಅವಳು ಕಾಲಿನಿಂದ ತಳ್ಳುತ್ತಿದ್ದಳು. ಕನ್ನಡಿ ತೂಗುಹಾಕಿದ ತನ್ನ ಮನಸ್ಸಿನ ಮೇಲೇ ಅವನಿಗೆ ಅಸಹ್ಯವಾಯಿತು. ಕೊಟ್ಟ ಮಾತು ಹಾಳಾಗಿ ಹೋಗಲಿ ಎಂದು ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದಿಂದ ಬೇರೆ ದನಿ ಬಂತು.

"ಅಮ್ಮಾ, ನಾವು ನಿಮಗೆ ಪೂರ್ತಿ ಹೇಳ್ಲಿಲ್ಲ" ಎಂದಳು ಹೆಂಡತಿ. ವಾರ್ಡಿನಲ್ಲಿ ಡಾಕ್ಟರುಗಳೂ ಎದುರಾಡದ ದನಿ ಅದು. "ಇವಳು ಟ್ರಂಪೆಟ್ ಊದ್ತಾಳೆ. ದಿನಾ ಸಂಜೆ ಊದ್ತಾಳೆ, ಜೋರಾಗೇ ಊದ್ತಾಳೆ. ಇಲ್ಲಿನ ಸಂಗೀತ ಶಾಲೆಯವರು ಈ ವರ್ಷ ತಗೊಂಡಿರೋದು ಇವಳೊಬ್ಬಳನ್ನೇ. ನನ್ನ ಮಗಳು ಅಂತ ಹೇಳ್ತಿಲ್ಲ, ಇವಳು ಊದೋದನ್ನ ಕೇಳಿದೋರು ಮತ್ತೆ ಮರೆಯಲ್ಲ." ಆಮೇಲೆ ಮಗಳ ಕಡೆ ತಿರುಗಿದಳು. "ಆ ಪೆಟ್ಟಿಗೆ ಮುಂದೆ ಇಡಮ್ಮ. ಅದೇನು ಕದ್ದ ಮಾಲಲ್ಲ."

ಹುಡುಗಿ ಬಗ್ಗಿ ಪೆಟ್ಟಿಗೆಯನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡಳು. ಗ್ರಂಥಪಾಲಕಿ, ನಿಜ ಹೇಳಿದ್ದಕ್ಕೆ ಸಂತೋಷವಾಯಿತು, ಆದರೆ ಈ ವಯಸ್ಸಿನಲ್ಲಿ ತನ್ನ ಕೈಲಾಗುವುದಿಲ್ಲ ಎಂದು ಸಂಕೋಚದಿಂದಲೇ ಕೀಲಿಕೈ ವಾಪಸು ತೆಗೆದುಕೊಂಡಳು. ಗೇಟಿನ ತನಕ ಬಂದು ಬೀಳ್ಕೊಟ್ಟು, ಹುಡುಗಿಯ ಬೆನ್ನು ಸವರಿ ಒಳಗೆ ಹೋದಳು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ.

ಉದ್ಯಾನದ ಉದ್ದಕ್ಕೂ ರೇಡಿಯೋ ಒಂದು ಮಾತೂ ಆಡದೆ ನಡೆದ. ಹೆಂಡತಿ ಓರೆಗಣ್ಣಿನಿಂದ ನೋಡಿದಳು.

"ಯಾಕೆ, ಬ್ಯಾಟರಿ ಮುಗೀತಾ?"

"ಇವತ್ತು ನಿನ್ನ ಸ್ಟೇಷನ್ ಹಚ್ಚಿದೀನಿ. ಕೇಳ್ತಾ ಇದೀನಿ" ಎಂದ.

ಅವಳು ನಕ್ಕು ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಇಷ್ಟು ವರ್ಷ ಮಗಳ ಹೆಮ್ಮೆಯ ಗುತ್ತಿಗೆ ತನ್ನೊಬ್ಬನದೇ ಎಂದುಕೊಂಡಿದ್ದ ಅವನಿಗೆ, ಪಕ್ಕದಲ್ಲಿ ನಡೆಯುತ್ತಿದ್ದ ಈ ಹೆಂಗಸಿನ ಬಗ್ಗೆ ಎದೆಯುಬ್ಬಿ ಬಂತು. ಅದನ್ನು ಹೇಳಲು ಹೋದರೆ ರಸ್ತೆಯಲ್ಲೇ ಅತ್ತುಬಿಡುತ್ತೇನೆ ಎಂದು ಹೇಳಲಿಲ್ಲ. ಬಸ್ ನಿಲ್ದಾಣ ಬಂದಾಗ ಮಾತ್ರ, ಗರಗಸದ ಬೀದಿಗೆ ಹೋಗುವ ಬಸ್ಸು ಯಾವುದು ಎಂದು ಅಲ್ಲಿದ್ದವರನ್ನು ತಾನೇ ವಿಚಾರಿಸಿದ.

"ಅಪ್ಪ, ಅಲ್ಲಿನ ತಲೆಗಳು?" ಎಂದಳು ಮಗಳು.

"ಬೆಳೀತಾನೇ ಇರ್ತಾವಲ್ಲ ಮಗಾ. ಒಂದಲ್ಲ ಒಂದು ದಿನ ನನ್ನ ಹತ್ರ ಬರಲೇಬೇಕು."

ಬಡಗಿ ಕೀಲಿಕೈ ಕೊಡುವಾಗ ಅದಕ್ಕೂ ಮರದ ಪುಡಿ ಅಂಟಿತ್ತು. ಸಂಜೆಯೊಳಗೆ ಲಾಡ್ಜಿನಿಂದ ಪೆಟ್ಟಿಗೆಗಳು ಬಂದವು. ಅಮ್ಮ ಒಂದು ಕೋಣೆ ಗುಡಿಸಿದಳು, ರೇಡಿಯೋ ಬಲ್ಬು ಹಾಕಿದ. ಕೆಳಗೆ ಗರಗಸ ನಿಂತಿತು. ಹುಡುಗಿ ಕಿಟಕಿ ಮುಚ್ಚಲು ಹೋದಳು, ಅಮ್ಮ ಬೇಡವೆಂದಳು. ತೆರೆದ ಕಿಟಕಿಯ ಮುಂದೆ ನಿಂತು ಅವಳು ಊದತೊಡಗಿದಳು. ಮೊದಲು ಉದ್ದನೆಯ ಒಂದೊಂದೇ ಸ್ವರ, ಗೋಡೆಗಳನ್ನು ಪರಿಚಯ ಮಾಡಿಕೊಳ್ಳುವ ಹಾಗೆ. ಆಮೇಲೆ ಪೂರ್ತಿ ಊದಿದಳು. ಸುಣ್ಣ ಕಾಣದ ಆ ಕೋಣೆ ಸಾಲದಾಯಿತು, ಬೀದಿಯೂ ಬೇಕಾಯಿತು.

ಮುಗಿಯುವ ಹೊತ್ತಿಗೆ ಯಾರೋ ಬಾಗಿಲು ಬಡಿದರು. ರೇಡಿಯೋ ತೋಳು ಮಡಿಸುತ್ತಲೇ ಹೋಗಿ ತೆರೆದ. ಎದುರು ಮನೆಯ ಬಸ್ ಡ್ರೈವರ್, ಇನ್ನೂ ಕೆಲಸದ ಬಟ್ಟೆಯಲ್ಲೇ ಇದ್ದ. ಕಿವಿಯ ಹಿಂದೆ ಕೂದಲು ಒಂದು ಕಡೆ ಏರು, ಒಂದು ಕಡೆ ಇಳಿಜಾರು.

"ಊದಿದ್ದು ಯಾರು?" ಎಂದ. ದೂರೋ ಹೊಗಳಿಕೆಯೋ, ಆ ಮುಖದಲ್ಲಿ ಗೊತ್ತಾಗುವಂತಿರಲಿಲ್ಲ.

ರೇಡಿಯೋ ಉಸಿರು ಎಳೆದುಕೊಂಡ. ಆಲಿಕೆಯಿಂದ ಮೈದಾನದವರೆಗೆ ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತಿತು. ತಿರುಗಿ ನೋಡಿದ. ಹೆಂಡತಿ ಸುಮ್ಮನಿರಿ ಎಂದು ಸನ್ನೆ ಮಾಡಲಿಲ್ಲ. ಅವಳ ಹಿಂದಿನಿಂದ ಮಗಳು ಬರುತ್ತಿದ್ದಳು, ತುತ್ತೂರಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಬಲ್ಬಿನ ಬೆಳಕಿಗೆ ಅದು ಹೊಳೆಯುವಂತೆ. ಅವನು ಬಾಯಿ ಮುಚ್ಚಿ, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

"ನಾನು" ಎಂದಳು ಹುಡುಗಿ. "ನಾಳೆನೂ ಊದ್ತೀನಿ."

ರೇಡಿಯೋ ಅದಕ್ಕೆ ಒಂದಕ್ಷರವನ್ನೂ ಸೇರಿಸಲಿಲ್ಲ.