ಎಡಗಡೆಯ ಪಾಲು

ದೊಡ್ಡಮ್ಮನಿಗೆ ಅಂಗಿ ಹೊಲಿಯುವುದಕ್ಕಿಂತ ಕಲ್ಲಿಗೆ ಹೊಲಿಯುವುದು ಸುಲಭ. ಕಲ್ಲು ಸುಮ್ಮನೆ ನಿಲ್ಲುತ್ತದೆ. ದೊಡ್ಡಮ್ಮ ನಿಂತಲ್ಲಿಂದಲೇ ನನ್ನ ಕತ್ತರಿಗೆ ಬುದ್ಧಿ ಹೇಳುತ್ತಾಳೆ. ಹೇಳುವ ಹಕ್ಕೂ ಇದೆ ಬಿಡಿ: ಈ ಎರಡು ಕೋಣೆಯ ಹೊಲಿಗೆ ಅಂಗಡಿ ಅವಳದ್ದು, ನನಗೆ ಸೂಜಿ ಹಿಡಿಯಲು ಕಲಿಸಿದವಳೂ ಅವಳೇ. ವಯಸ್ಸು ಅರವತ್ತೆರಡಾದರೂ ಗುಂಡಿಗೆ ಕಾಜ ಹಾಕುವ ಕೆಲಸವನ್ನು ಇನ್ನೊಬ್ಬರ ಕೈಗೆ ಕೊಟ್ಟಿಲ್ಲ.

ಅದಕ್ಕೂ ಹಳೆಯ ಹಕ್ಕು ಇನ್ನೊಂದಿದೆ. ನಾನು ಹುಟ್ಟಿದಾಗ ಅಮ್ಮ ಜ್ವರ ಬಂದು ಮಲಗಿದಳು, ಹಾಲು ಬತ್ತಿತು. ಅಮ್ಮನ ಅಕ್ಕ, ಈ ದೊಡ್ಡಮ್ಮ, ಆರು ತಿಂಗಳ ತನ್ನ ಮೂರನೆಯ ಮಗನನ್ನು ಬಲಗಡೆಗೂ ನನ್ನನ್ನು ಎಡಗಡೆಗೂ ಹಾಕಿಕೊಂಡಳು. ಒಂದೂವರೆ ವರ್ಷ ಹಾಗೆಯೇ ನಡೆಯಿತು. ಇವತ್ತಿಗೂ ನಾನು ಅವಳಿಗೆ ಇಲಿಮರಿ. ಮೂವತ್ತಾರು ವರ್ಷದ, ಎಂಬತ್ತು ಕೆಜಿ ತೂಗುವ ಇಲಿಮರಿ.

ಆ ಬೆಳಿಗ್ಗೆ ಅವಳ ಹೊಸ ಅಂಗಿಯನ್ನು ಮೈಮೇಲೆ ಹಿಡಿದು ಗುಂಡುಸೂಜಿ ಸಿಕ್ಕಿಸುತ್ತಿದ್ದೆ. ಎಡಗಡೆ ಬಟ್ಟೆ ಎಳೆಯುತ್ತಿತ್ತು. ನನ್ನದೇ ತಪ್ಪೆಂದು ಬಿಚ್ಚಿ ಮತ್ತೆ ಹಿಡಿದೆ, ಮತ್ತೆ ಎಳೆಯಿತು. ಕೈ ಎತ್ತು ಎಂದೆ. ಎತ್ತಿದಳು. ಬಟ್ಟೆ ಸರಿಸಿ ನೋಡಿದರೆ ಎದೆಯ ಚರ್ಮ ಒಂದು ಕಡೆ ಒಳಕ್ಕೆ ಸೇದಿಕೊಂಡಿತ್ತು, ಯಾರೋ ಒಳಗಿನಿಂದ ದಾರ ಬಿಗಿದಂತೆ.

"ಇದು ಯಾವಾಗಿಂದ?"

"ಯಾವ್ದು? ಓ, ಅದಾ. ಮೂರ್ನಾಲ್ಕು ತಿಂಗಳಾಯ್ತು. ಒಳಗೊಂದು ಗಂಟೂ ಇದೆ. ನೋವಿಲ್ಲ, ಏನಿಲ್ಲ."

"ನಾಳೆನೇ ಆಸ್ಪತ್ರೆಗೆ ಹೋಗೋಣ."

"ಯಾಕೆ? ಹಾಲು ಕೊಟ್ಟ ಹೆಂಗಸ್ರಿಗೆ ಆ ಕಾಯಿಲೆ ಬರಲ್ಲ ಅಂತ ನೀನೇ ಹೇಳಿದ್ಯಲ್ಲ? ನಾನು ನಾಲ್ಕು ಮಕ್ಕಳಿಗೆ ಕೊಟ್ಟಿದೀನಿ. ಅದ್ರಲ್ಲೂ ಎಡಗಡೆನ ನೀನು ತಳ ಸಮೇತ ಖಾಲಿ ಮಾಡಿದೀಯ. ಕಾಯಿಲೆಗೆ ಅಂತ ಅಲ್ಲೇನು ಉಳಿದಿದೆ?"

ಹೌದು, ನಾನೇ ಹೇಳಿದ್ದೆ. ಎರಡು ವರ್ಷದ ಹಿಂದೆ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಒಂದು ಪೋಸ್ಟರ್ ಓದಿ ಕುಣಿಯುತ್ತ ಬಂದಿದ್ದೆ. ಎದೆಹಾಲುಣಿಸಿದ ತಾಯಂದಿರಿಗೆ ಸ್ತನ ಕ್ಯಾನ್ಸರಿನ ಅಪಾಯ ಕಡಿಮೆ, ಹೆಚ್ಚು ಕಾಲ ಉಣಿಸಿದಷ್ಟೂ ಇನ್ನೂ ಕಡಿಮೆ ಎಂದಿತ್ತು. ಹುಟ್ಟಿದಾಗಿನಿಂದ ಅವಳಿಂದ ಬರೀ ಪಡೆದವಳು ನಾನು. ನನ್ನಿಂದ ಅವಳಿಗೂ ಏನೋ ಸಿಕ್ಕಿದೆ ಎಂದು ಹೇಳುವ ಆಸೆ. ಆ ಭರದಲ್ಲಿ 'ಕಡಿಮೆ' ಎನ್ನುವುದು 'ಬರುವುದೇ ಇಲ್ಲ' ಆಗಿಹೋಯಿತು. ಗಂಟು ಕಂಡರೆ ಯಾರೇ ಆಗಲಿ ಬಂದು ತೋರಿಸಿ ಎಂಬ ಸಾಲೂ ಕೆಳಗಿತ್ತು. ಅದನ್ನು ನಾನು ಮನೆಗೆ ತರಲೇ ಇಲ್ಲ. ನನ್ನ ಬಾಯಿಗೆ ಕಾಜ ಹಾಕಿ ಗುಂಡಿ ಬಿಗಿಯಬೇಕಿತ್ತು.

"ಬರಲ್ಲ ಅಂತ ಇರ್ಲಿಲ್ಲ ದೊಡ್ಡಮ್ಮ, ಕಡಿಮೆ ಅಂತ ಇತ್ತು. ನಾನು ತಪ್ಪು ಹೇಳಿದೆ."

"ಈಗ ಹೆದರ್ಕೊಂಡು ಮಾತು ಬದಲಾಯಿಸ್ತಿದೀಯ" ಎಂದು ಮುಖ ತಿರುಗಿಸಿ ಕಾಜಕ್ಕೆ ಕೂತಳು.

ಎರಡು ದಿನ ಗಿಣಿಗೆ ಹೇಳಿದ ಹಾಗೆ ಹೇಳಿದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನನ್ನ ಅರೆಬರೆ ಮಾತನ್ನು ನಂಬಿ ಅವಳು ಇನ್ನೆಷ್ಟು ತಿಂಗಳು ಕಳೆಯುತ್ತಾಳೋ, ಅಷ್ಟರಲ್ಲಿ ಕೈಮೀರಿ ಹೋದರೇನು ಗತಿ ಎಂದು ಭಯವಾಯಿತು. ಮೂರನೆಯ ದಿನ ಅವಳ ಬಲಗೈ ಹಿಡಿದು, ಸೂಜಿ ದೂಡುವ ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆ ಟೊಪ್ಪಿಯನ್ನು ಕಳಚಿದೆ.

"ಇದನ್ನ ಎಷ್ಟು ವರ್ಷದಿಂದ ಹಾಕ್ತಿದೀಯ?"

"ನಲವತ್ತು."

"ಈ ಬೆರಳಿಗೆ ಸೂಜಿ ಚುಚ್ಚಲೇ ಇಲ್ವಾ?"

ಅವಳು ಬೆರಳ ತುದಿ ನೋಡಿಕೊಂಡಳು. "ಚುಚ್ಚಿದೆ. ಹಾಕದೇ ಇದ್ದಿದ್ರೆ ಜರಡಿ ಆಗಿರ್ತಿತ್ತು."

"ಆ ಪೋಸ್ಟರ್ ಹೇಳಿದ್ದೂ ಅಷ್ಟೇ."

ಅವಳು ಟೊಪ್ಪಿಯನ್ನು ನನ್ನ ಕೈಯಿಂದ ತೆಗೆದು ಮತ್ತೆ ಬೆರಳಿಗೆ ಹಾಕಿಕೊಂಡಳು. ಆಮೇಲೆ, "ಅಂಗಿ ಬೇಗ ಮುಗಿಸು. ಹಳೇದು ಹಾಕ್ಕೊಂಡು ಡಾಕ್ಟ್ರ ಮುಂದೆ ಹೋದ್ರೆ ದರ್ಜಿಗಳ ಮರ್ಯಾದೆ ಏನಾಗ್ಬೇಕು?" ಎಂದಳು.

ಪರೀಕ್ಷೆಗಳಾದವು. ಹತ್ತು ದಿನ ಕಳೆದು ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ, ವರದಿ ಬಿಡಿಸಿ ನಿಧಾನವಾಗಿ ಹೇಳಿದರು. ಕ್ಯಾನ್ಸರೇ. ಗಂಟು ಚಿಕ್ಕದು, ಬೇರೆಡೆ ಹರಡಿಲ್ಲ. ಆಪರೇಷನ್ ಆಗಬೇಕು, ಗುಣವಾಗುವ ಸಾಧ್ಯತೆ ಚೆನ್ನಾಗಿದೆ.

ದೊಡ್ಡಮ್ಮ ಮಡಿಲಲ್ಲಿ ಕೈಯಿಟ್ಟುಕೊಂಡು ಕೂತಿದ್ದಳು. "ಹಾಗಾದ್ರೆ ನಾನು ಅಷ್ಟು ವರ್ಷ ಹಾಲು ಕೊಟ್ಟಿದ್ದೆಲ್ಲ ದಂಡನಾ?" ಎಂದು ಕೇಳಿದಳು. ಅಷ್ಟು ಸಣ್ಣ ದನಿ ಅವಳಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

"ದಂಡ ಅಲ್ಲಮ್ಮ. ಹಾಲು ಕೊಟ್ಟ ಸಾವಿರಾರು ತಾಯಂದಿರನ್ನ ನೋಡಿದ್ರೆ, ಅವರಲ್ಲಿ ಇದು ಕಡಿಮೆ ಜನಕ್ಕೇ ಬರುತ್ತೆ. ಆದ್ರೆ ಒಬ್ಬರ ವಿಷಯದಲ್ಲಿ ಹೀಗೇ ಅಂತ ಯಾರೂ ಹೇಳೋಕಾಗಲ್ಲ."

ನನಗೆ ತಡೆಯಲಾಗಲಿಲ್ಲ. "ನಾನು ಕುಡಿದ ಕಡೆಗೇ ಬಂತಲ್ಲ ದೊಡ್ಡಮ್ಮ. ನನ್ನಿಂದ ನಿನಗೆ ಏನೂ ಒಳ್ಳೇದಾಗ್ಲಿಲ್ಲ" ಎಂದು, ಡಾಕ್ಟರಮ್ಮನ ಎದುರಿಗೇ, ಮಗುವಿನಂತೆ ಗೊಳೋ ಎಂದು ಅತ್ತೆ.

ಅವಳು ತಿರುಗಿದಳು. ದನಿ ಮತ್ತೆ ಅಂಗಡಿಯ ದನಿಯಾಗಿತ್ತು. "ನಂಗೆ ಒಳ್ಳೇದಾಗ್ಲಿ ಅಂತ ಕೊಟ್ಟೆನೇನೇ ನಾನು? ನೀನು ಹಸಿದಿದ್ದೆ, ನನ್ನ ಹತ್ರ ಇತ್ತು. ಅಷ್ಟೇ."

ಆಮೇಲೆ ಅಂಗಿಯ ತೋಳಿನಿಂದ ನನ್ನ ಮೂಗು ಒರೆಸಿದಳು. "ನಿಲ್ಸು ಸಾಕು. ಈಗ ಅತ್ರೆ ಬಾಯಿಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ."