ಇವರೊಬ್ಬರ ಕೈಗೆ ಒಲಿದ ಕಾರು

ಕಾರು ಮಾರಿ ಇನ್ನೂ ಸರಿಯಾಗಿ ಉಸಿರು ಬಿಟ್ಟಿರಲಿಲ್ಲ, ಕೊಂಡವಳ ಫೋನು ಶುರುವಾಯಿತು. ಮೊದಲ ಸಲ ಅಳುಕುತ್ತಲೇ, "ಸರ್, ಬೆಳಿಗ್ಗೆ ಸ್ಟಾರ್ಟೇ ಆಗ್ಲಿಲ್ಲ" ಎಂದಳು. ನಮ್ಮ ಯಜಮಾನರು ಧಾರಾಳವಾಗಿ, "ಬ್ಯಾಟರಿ ನೋಡಿಸಮ್ಮ" ಎಂದರು. ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಮುಂದಿನ ಸಲ ಅವಳು ಮೆಕ್ಯಾನಿಕ್ಕನನ್ನು ಕರೆಸಿದಳು. ಅವನು ಬರುವ ಹೊತ್ತಿಗೆ ಕಾರು ಏನೂ ನಡೆದೇ ಇಲ್ಲವೆಂಬಂತೆ ಸ್ಟಾರ್ಟ್ ಆಗಿತ್ತಂತೆ. ಆಮೇಲಾಮೇಲೆ ಅವಳ ನಂಬರು ಕಂಡರೆ ಇವರು ಫೋನು ಹಿಡಿದು ಬಾಲ್ಕನಿಗೆ ಹೋಗಿಬಿಡುತ್ತಿದ್ದರು.

"ಆ ಹುಡುಗಿಗೆ ಗಾಡಿ ಒಗ್ತಿಲ್ಲ, ಅಷ್ಟೆ. ನಮ್ಮ ಕಾರು ಒಂದು ದಿನ ಕೈಕೊಟ್ಟಿದ್ದುಂಟಾ? ನೀನೇ ಹೇಳು" ಎಂದು ಒಳಗೆ ಬಂದು ನನ್ನನ್ನೇ ಸಾಕ್ಷಿಗೆ ಕರೆಯುತ್ತಿದ್ದರು.

ಏನು ಹೇಳಲಿ? ಅವರಿಗೆ ಕೈಕೊಟ್ಟಿರಲಿಲ್ಲ, ನಿಜ. ಕೈಕೊಟ್ಟಿದ್ದೆಲ್ಲ ನನಗೆ.

ಅದು ಆಟೊಮ್ಯಾಟಿಕ್ ಕಾರು. ನಾನೂ ಓಡಿಸಬೇಕೆಂದೇ ಹುಡುಕಿ ತಂದದ್ದು. ನನ್ನದು ಪರದೆ ಹೊಲಿಯುವ ಕೆಲಸ. ಜನರ ಮನೆಗೆ ಹೋಗಿ ಕಿಟಕಿ ಅಳೆದು, ಹೊಲಿದು, ಕಂಬಿ ಸಮೇತ ಒಯ್ದು ಹಾಕಿಕೊಡಬೇಕು. ಡ್ರೈವಿಂಗ್ ಕಲಿತೆ, ಲೈಸೆನ್ಸ್ ಬಂತು, ಒಂದಿಷ್ಟು ಕಾಲ ರಾಣಿಯ ಹಾಗೆ ಓಡಾಡಿದೆ. ಆಮೇಲೆ ಒಂದು ದಿನ ಗಿರಾಕಿಯ ಗೇಟಿನೆದುರು ಕಾರು ಜಪ್ಪಯ್ಯ ಅನ್ನಲಿಲ್ಲ. ಹಿಂದೆ ನಿಂತ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ ನನ್ನ ಮಾನ ಕಳೆದ. ಇವರು ಕೆಲಸ ಬಿಟ್ಟು ಓಡಿಬಂದು, ಕೂತು, ಕೀ ತಿರುಗಿಸಿದರು. ಒಂದೇ ಸಲಕ್ಕೆ ಗುರ್ ಎಂದಿತು.

"ಕೈಗುಣ ಕಣೇ" ಎಂದು ನಕ್ಕರು.

ಇವರು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿದ್ದಾರೆ. ಎಂಥ ವಕ್ರ ದವಡೆಗೂ ಇವರು ಕೂರಿಸಿದ ಹಲ್ಲು ಹೊಂದಿಕೊಳ್ಳುತ್ತದೆಂದು ಡಾಕ್ಟರುಗಳೇ ಹೊಗಳುತ್ತಾರೆ. ಅಂಥ ಕೈಯ ಗುಣವನ್ನು ಅನುಮಾನಿಸಲು ನಾನ್ಯಾರು? ಮತ್ತೆ ಮತ್ತೆ ಹಾಗೇ ಆದಾಗ ನನಗೆ ಡ್ರೈವಿಂಗ್ ಬರುವುದಿಲ್ಲವೆಂದು ಒಪ್ಪಿಕೊಂಡು ಬಸ್ಸು ಹಿಡಿದೆ. ಪರದೆಯ ಕಂಬಿ ನಿಲ್ಲಿಸಿಕೊಂಡು ಬಸ್ಸಿನಲ್ಲಿ ನಿಂತರೆ ಜನ ಅದನ್ನೂ ಬಸ್ಸಿನ ಕಂಬಿಯೆಂದೇ ಹಿಡಿದುಕೊಳ್ಳುತ್ತಾರೆ. ನಗಬೇಕೋ ಅಳಬೇಕೋ ತಿಳಿಯದೆ ಎಷ್ಟೋ ವರ್ಷ ಕಳೆದೆ. ಲೈಸೆನ್ಸನ್ನು ಮಾತ್ರ ಪ್ರತಿ ಸಲವೂ ತಪ್ಪದೆ ನವೀಕರಿಸುತ್ತಾ ಬಂದೆ. ಯಾಕೆಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಭಾನುವಾರ ಕಾರು ಕೊಂಡವಳು ಅಣ್ಣನನ್ನು ಕರೆದುಕೊಂಡು ಬಂದಳು. ಬಂದಳು ಅನ್ನುವುದಕ್ಕಿಂತ ಅವನೇ ಎಳೆತಂದ ಅನ್ನಬೇಕು. ಕಾರು ಓಡಿಸಿಕೊಂಡು ಬಂದವನೂ ಅವನೇ. ನಮ್ಮ ಕಟ್ಟಡದ ಕೆಳಗೆ, ನಾವು ಹೊಸದಾಗಿ ತಂದ ಪುಟ್ಟ ಕಾರಿನ ಪಕ್ಕದಲ್ಲೇ ನಿಲ್ಲಿಸಿ, ಮೇಲಿನ ಮಹಡಿಗೆಲ್ಲ ಕೇಳುವಂತೆ ಶುರುಮಾಡಿದ.

"ಒಂಟಿ ಹೆಂಗಸು ಅಂತ ಟೋಪಿ ಹಾಕಿದ್ರಾ? ಕಾರು ನೀವೇ ಇಟ್ಕೊಳ್ಳಿ, ದುಡ್ಡು ವಾಪಸ್ ಕೊಡಿ!"

"ನೋಡಿ, ಇದ್ದ ಸ್ಥಿತಿಯಲ್ಲೇ ತಗೊಂಡಿದ್ದೀನಿ ಅಂತ ನಿಮ್ಮ ತಂಗಿ ಸಹಿ ಹಾಕಿದಾರೆ. ಓಡಿಸಿ ನೋಡಿಯೇ ತಗೊಂಡ್ರು" ಎಂದರು ಇವರು. ಸುಳ್ಳೇನಲ್ಲ. ಆದರೆ ಅವತ್ತು ಇವರೇ ಸ್ಟಾರ್ಟ್ ಮಾಡಿ, ಓಡುತ್ತಿದ್ದ ಕಾರನ್ನು ಅವಳ ಕೈಗೆ ಕೊಟ್ಟಿದ್ದರು.

ಮಾತಿಗೆ ಮಾತು ಬೆಳೆಯಿತು. ಅವಳು ಕಂಬದ ಪಕ್ಕ ಚೀಲದ ಪಟ್ಟಿ ತಿರುಚುತ್ತಾ ನಿಂತಿದ್ದಳು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸು. ನಾನು ಹತ್ತಿರ ಹೋದೆ.

"ನನಗೆ ವಾಪಸ್ ಕೊಡೋದು ಬೇಡ ಆಂಟಿ" ಎಂದಳು ಮೆಲ್ಲಗೆ. "ನಾನೇ ಆರಿಸಿ ತಗೊಂಡ ಮೊದಲನೇ ಕಾರು. ಸ್ಟಾರ್ಟ್ ಆದ್ರೆ ಸಾಕು. ಮೊನ್ನೆ ಒಬ್ರು ಅಜ್ಜ ಗಾಯದ ಪಟ್ಟಿ ಬಿಚ್ಕೊಂಡು ನನಗೋಸ್ಕರ ಕಾಯ್ತಾ ಕೂತಿದ್ರು. ಇವತ್ತು ಅಣ್ಣ ಕೀ ಕಿತ್ಕೊಂಡ್ರೆ ಮತ್ತೆ ಯಾವತ್ತೂ ಕೊಡಲ್ಲ."

ಅಷ್ಟರಲ್ಲಿ ಇವರ ಸಹನೆ ಮುಗಿಯಿತು. "ಬನ್ನಿ, ಎಲ್ಲರೂ ಕೂತ್ಕೊಳ್ಳಿ. ಕಣ್ಣಾರೆ ನೋಡಿ" ಎಂದು ಡ್ರೈವರ್ ಸೀಟಿಗೆ ಏರಿದರು. ಅಣ್ಣ ಪಕ್ಕದಲ್ಲಿ ಕೂತ. ಹಿಂದೆ ಒಂದು ಬದಿಗೆ ಅವಳು ಕೂತಳು, ಅವಳ ಔಷಧಿ ಪೆಟ್ಟಿಗೆ ಅರ್ಧ ಜಾಗ ಹಿಡಿದಿತ್ತು. ಹಾಗಾಗಿ ನಾನು ನಟ್ಟನಡುವೆ, ಮುಂದಿನ ಎರಡು ಸೀಟುಗಳ ಸಂದಿಗೆ ಮುಖವಿಟ್ಟು ಮುದುರಿಕೊಂಡೆ.

ಇವರು ಕೀ ತಿರುಗಿಸಿದರು. ಸ್ಟಾರ್ಟ್ ಆಯಿತು. ಆಫ್ ಮಾಡಿ ಮತ್ತೆ ತಿರುಗಿಸಿದರು. ಆಯಿತು. ಇವರ ಕುತ್ತಿಗೆ ಗೆಲುವಿನಿಂದ ಉದ್ದವಾದದ್ದು ನನಗೆ ಹಿಂದಿನಿಂದಲೇ ಕಂಡಿತು.

ಅಣ್ಣನ ಸಿಟ್ಟು ಅಲ್ಲೇ ದಿಕ್ಕು ಬದಲಿಸಿತು. "ನೋಡಿದ್ಯಾ? ಕಾರಿಗೆ ರೋಗ ಇಲ್ಲ, ನಿನಗೇ ಬರಲ್ಲ. ಬೇಡ ಬೇಡ ಅಂತ ಬಡ್ಕೊಂಡೆ. ಇನ್ನು ಕೀ ನನ್ನ ಹತ್ರ ಇರ್ಲಿ, ಯಾರಿಗಾದ್ರೂ ಮಾರ್ತೀನಿ. ನೀನು ಮೊದಲಿನ ಹಾಗೆ ಬಸ್ಸಲ್ಲಿ ಹೋಗು."

"ಹೂಂ, ನನಗೇ ಬರಲ್ಲ ಅನ್ಸುತ್ತೆ" ಎಂದಳು ಅವಳು.

ಹಿಂದೊಮ್ಮೆ ಅದೇ ಮಾತನ್ನು ಅದೇ ಸೋತ ದನಿಯಲ್ಲಿ ಹೇಳಿದವಳು ನಾನು.

ಇವರಿಗೂ ಪಾಪ ಅನ್ನಿಸಿತು. "ಬೇಜಾರು ಮಾಡ್ಕೋಬೇಡಮ್ಮ, ಕೆಲವರಿಗೆ ಕೈ ಪಳಗೋಕೆ ಟೈಮ್ ಬೇಕು. ನೋಡು, ಹೀಗೆ" ಎಂದು ಸಮಾಧಾನಕ್ಕೆಂದೇ ಆಫ್ ಮಾಡಿ ಇನ್ನೊಮ್ಮೆ ಕೀ ತಿರುಗಿಸಿದರು. ಆಗ ಕಂಡೆ. ಒಂದು ಕೈ ಕೀಲಿಯ ಮೇಲಿತ್ತು. ಇನ್ನೊಂದು ಕೈ, ಮುಚ್ಚಿದ ಬಾಗಿಲನ್ನು ಮಲಗುವ ಮುಂಚೆ ಒಮ್ಮೆ ತಳ್ಳಿ ನೋಡುತ್ತೇವಲ್ಲ ಹಾಗೆ, ಗೇರಿನ ಹಿಡಿಯನ್ನು ಮುಂದಕ್ಕೆ ಒತ್ತಿ ಹಿಡಿದಿತ್ತು.

ಇಷ್ಟು ವರ್ಷ ಅದನ್ನು ನಾನು ನೋಡಿಯೇ ಇರಲಿಲ್ಲ. ನಾನು ಮನೆಗೆ ಬೀಗ ಹಾಕುವಷ್ಟರಲ್ಲಿ ಇವರು ಕಾರು ತಂದು ಗೇಟಿಗೆ ನಿಲ್ಲಿಸುತ್ತಿದ್ದರು. ಪೇಟೆಯಲ್ಲಾದರೆ ನನ್ನ ಗಮನವೆಲ್ಲ ಮಡಿಲಿನ ಚೀಲಗಳ ಮೇಲೆ.

ಬಾಯಿ ಬಿಟ್ಟರೆ ಇವರು ಗೆದ್ದ ಜಗಳ ಸೋಲುತ್ತದೆ, ಅದೂ ಕೂಗಾಡುವ ಆ ಮನುಷ್ಯನೆದುರು. ಗೊತ್ತಿತ್ತು. ಆದರೂ ಬಾಯಿ ತಡೆಯಲಿಲ್ಲ.

"ರೀ, ಆ ಕೈ ತೆಗೀರಿ."

"ಯಾವ ಕೈ?"

"ಗೇರಿನ ಮೇಲಿರೋದು. ಮಡಿಲಲ್ಲಿ ಇಟ್ಕೊಂಡು ಸ್ಟಾರ್ಟ್ ಮಾಡಿ."

ನನಗೆ ತಲೆ ಕೆಟ್ಟಿದೆಯೆಂಬಂತೆ ನೋಡಿ, ಕಾರು ಆಫ್ ಮಾಡಿ, ಕೈಯನ್ನು ಮಡಿಲಿಗೆ ತಂದು ಕೀ ತಿರುಗಿಸಿದರು. ಕಾರು ತೆಪ್ಪಗಿತ್ತು. ಮತ್ತೆ ತಿರುಗಿಸಿದರು. ಊಹೂಂ. ಮಡಿಲಿನ ಕೈ ತಾನಾಗಿಯೇ ಎದ್ದು ಗೇರಿನ ಮೇಲೆ ಹೋಗಿ ಕೂತಿತು, ಕಾರು ಗುರ್ ಎಂದಿತು.

ಇವರು ತಮ್ಮ ಕೈಯನ್ನೇ ಬೇರೆಯವರದೇನೋ ಎಂಬಂತೆ ನೋಡಿಕೊಂಡರು. "ಇದನ್ನ ನಾನು ಯಾವಾಗಿಂದ ಮಾಡ್ತಿದ್ದೀನಿ?"

ಆ ಲೆಕ್ಕ ನನ್ನ ಬಳಿಯಿತ್ತು.

"ಹಾಗಾದ್ರೆ ಕಾರಲ್ಲೇ ದೋಷ!" ಅಣ್ಣನಿಗೆ ಮತ್ತೆ ಜೀವ ಬಂತು. "ದುಡ್ಡು ತೆಗೀರಿ..."

"ಅಣ್ಣಾ, ಸಾಕು ಸುಮ್ನಿರು!" ಅವಳ ಗಂಟಲಲ್ಲಿ ಅಷ್ಟು ದನಿಯಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. "ಕೀ ಕೊಡಿ ಸರ್." ಇಳಿದು ಮುಂದೆ ಹೋಗಿ ಕೂತು, ಗೇರು ಒತ್ತಿ ಹಿಡಿದು ತಿರುಗಿಸಿದಳು. ಸ್ಟಾರ್ಟ್ ಆಯಿತು. ಇನ್ನೂ ಒಂದು ಸಲ, ಸುಮ್ಮನೆ ಸಂತೋಷಕ್ಕೆ.

"ನಾಳೆ ನಾನೇ ಮೆಕ್ಯಾನಿಕ್ ಹತ್ರ ಬಂದು ಸರಿ ಮಾಡಿಸ್ಕೊಡ್ತೀನಮ್ಮ. ಖರ್ಚೆಲ್ಲ ನನ್ನದು" ಎಂದರು ಇವರು, ತಲೆ ತಗ್ಗಿಸಿ. ಮಾಡಿಸಿಯೂ ಕೊಟ್ಟರು. ಗೇರು ಪಾರ್ಕಿಂಗಿನಲ್ಲಿದೆಯೆಂದು ತಿಳಿದರೆ ಮಾತ್ರ ಇಂಥ ಕಾರು ಸ್ಟಾರ್ಟ್ ಆಗುತ್ತದಂತೆ; ಅದನ್ನು ತಿಳಿಸುವ, ಗೇರಿನ ಬುಡದಲ್ಲಿನ ಬೆರಳಷ್ಟು ಗಾತ್ರದ ಒಂದು ಸ್ವಿಚ್ಚು ಸವೆದಿತ್ತಂತೆ.

ಅವತ್ತು ಅವರು ಹೊರಡುವ ಮುಂಚೆ ನಾನು ಕಿಟಕಿಗೆ ಬಗ್ಗಿ ಕೇಳಿದೆ. "ಒಂದ್ಸಲ ನನಗೂ ಕೊಡ್ತೀಯೇನಮ್ಮ?"

ಅವಳು ತಕ್ಷಣ ಇಳಿದಳು. ಕೂತೆ, ಒತ್ತಿದೆ, ತಿರುಗಿಸಿದೆ. ಇಷ್ಟು ವರ್ಷ ನನ್ನನ್ನು ಅಣಕಿಸಿದ ಕಾರು ನನ್ನ ಕೈಯಲ್ಲೇ ಸ್ಟಾರ್ಟ್ ಆಯಿತು. ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟೆ. ಅಣ್ಣ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟ.

ಸಂಜೆ ಇವರು ಟೀ ಲೋಟ ಹಿಡಿದು ಹೊಲಿಗೆ ಯಂತ್ರದ ಬಳಿ ಬಂದು ನಿಂತರು. "ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಕಣೇ."

"ಅದೇ ನನ್ನ ಸಂಕಟ" ಎಂದೆ. "ಗೊತ್ತಿದ್ದಿದ್ರೆ ಜೋರಾಗಿ ಒಂದು ಜಗಳ ಆಡಿ ಮುಗಿಸ್ಬಹುದಿತ್ತು."

ಅವಳಿಗೆ ದೂರು ತರಲು ನಮ್ಮ ಮನೆಯಿತ್ತು. ನಾನು ನನ್ನ ದೂರನ್ನು ಯಾರ ಬಾಗಿಲಿಗೆ ಒಯ್ಯಲಿ? ಎದುರಿಗಿದ್ದವರು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದರು. ಬೈಯಲು ಹೊರಟ ಬಾಯಿ ಟೀ ಕುಡಿಯಿತು.

ಆ ವಾರವೇ ಒಬ್ಬರ ಮನೆಗೆ ಪರದೆ ಒಯ್ಯಬೇಕಾಯಿತು. ಕಂಬಿ ಎತ್ತಿಕೊಂಡು ಬಾಗಿಲಿಗೆ ಬಂದರೆ ಇವರು ಹೊಸ ಕಾರಿನ ಕೀಲಿ ಹಿಡಿದು ನಿಂತಿದ್ದರು. ತಾವು ಓಡಿಸಲಿಕ್ಕಲ್ಲ, ನನ್ನತ್ತ ಚಾಚಿಕೊಂಡು.

"ನಾನೂ ಬರ್ಲಾ?"

"ಬನ್ನಿ" ಎಂದೆ. "ಹಿಂದೆ ಕೂತ್ಕೊಳ್ಳಿ, ಕಂಬಿ ಹಿಡ್ಕೊಂಡು."

ಗೇಟು ದಾಟುವಾಗ ಕಾರು ಮುಗ್ಗರಿಸಿ ಕುಲುಕಿತು. ಕನ್ನಡಿಯಲ್ಲಿ ನೋಡಿದೆ. ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡು ನೆಟ್ಟಗೆ ಕೂತಿದ್ದರು.