ಮಂದೆಗೆ ಸೇರಿದ ಹುಡುಗ

ಅಜ್ಜಿಯ ಕುರಿಮಂದೆ ಕಾಯುವ ನಾಯಿಗೆ ಹುಟ್ಟಿನಿಂದಲೇ ಬಾಲ ಮೊಟಕು. ಹಾಗಾಗಿ ಮೋಟ ಎಂದೇ ಹೆಸರು. ನೋಡುವುದಕ್ಕೆ ಅಂಥ ಚೆಲುವನೇನಲ್ಲ. ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಆದರೆ ಮಂದೆಯ ಹಿಂದೆ ಅವನು ನಡೆಯುವುದನ್ನು ಒಮ್ಮೆ ಕಂಡವರು ಚೆಲುವಿನ ಮಾತು ಮರೆಯುತ್ತಿದ್ದರು. ಬೊಗಳಿ ಹೆದರಿಸುತ್ತಿರಲಿಲ್ಲ, ಹಲ್ಲು ತೋರಿಸುತ್ತಿರಲಿಲ್ಲ. ದಾರಿ ತಪ್ಪಿದ ಮರಿಯ ಪಕ್ಕಕ್ಕೆ ಹೋಗಿ ಭುಜ ತಾಗಿಸುತ್ತಿದ್ದ, ಅಷ್ಟೆ. ಮರಿ ತಾನೇ ಯೋಚಿಸಿ ನಿರ್ಧಾರ ಮಾಡಿದಂತೆ ವಾಪಸು ಬರುತ್ತಿತ್ತು.

ಗುಡ್ಡದ ತಪ್ಪಲಿಗೆ ಸಿನಿಮಾದವರು ಬಂದದ್ದು ಉಣ್ಣೆ ಕತ್ತರಿಸುವ ಕೆಲಸ ಮುಗಿದ ಮೇಲೆ. ಒಬ್ಬ ಹುಡುಗ ಮತ್ತು ನಾಯಿಯ ಕತೆಯಂತೆ. ಮನೆಮಂದಿಯೆಲ್ಲ ಕೂತು ನಗುವಂಥದ್ದಂತೆ. ಪಟ್ಟಣದಿಂದ ಅವರು ಕರೆತಂದಿದ್ದ ಪಳಗಿದ ನಾಯಿ ಅಂಗಾಲಿಗೆ ಮುಳ್ಳು ಚುಚ್ಚಿಸಿಕೊಂಡು ವ್ಯಾನಿನಲ್ಲಿ ಮಲಗಿಬಿಟ್ಟಿತ್ತು. ಉಳಿದಿದ್ದದ್ದು ಒಂದೇ ದೃಶ್ಯ. ದೂರದಲ್ಲಿ ನಿಂತ ಹುಡುಗನನ್ನು ಕಂಡು ನಾಯಿ ಬಯಲು ದಾಟಿ ಓಡಿ ಬರಬೇಕು. ನಿರ್ದೇಶಕನ ಕಣ್ಣು ಮೋಟನ ಮೇಲೆ ಬಿತ್ತು. ಮೈಬಣ್ಣ ಒಂದೇ, ಅಷ್ಟು ದೂರದಿಂದ ಬಾಲವನ್ನು ಯಾರು ಹುಡುಕುತ್ತಾರೆ ಎಂದ.

ಅಜ್ಜಿ ಒಪ್ಪಲಿಲ್ಲ. ಮಂದೆ ಹೊರಗಿರುವಾಗ ಮೋಟನನ್ನು ಹೆಸರು ಹಿಡಿದು ಯಾರೂ ಕರೆಯಬಾರದು ಎನ್ನುವುದು ಆ ಮನೆಯ ಕಟ್ಟುನಿಟ್ಟು.

"ಒಂದ್ಸಲ ಮಂದೆ ಬಿಟ್ಟು ಬಂದ ನಾಯಿ, ಆಮೇಲೆ ಯಾರು ಶಿಳ್ಳೆ ಹಾಕಿದ್ರೂ ಹೋಗುತ್ತೆ ತಮ್ಮಾ," ಎಂದಳು. "ಆಗ ನಾನು ಇವನನ್ನ ಕಟ್ಟಿಹಾಕಬೇಕು. ಇಡೀ ಜನ್ಮ."

ಮೊಮ್ಮಗಳಿಗೆ ಊಟ ಸೇರಲಿಲ್ಲ. ಚೂಟಿ ಎಂದು ಎಲ್ಲರೂ ಕರೆಯುತ್ತಿದ್ದ ಅವಳಿಗೆ ಮೋಟನೆಂದರೆ ಪಂಚಪ್ರಾಣ. ಅವನ ಓಟವನ್ನು ತಾವಿಬ್ಬರೇ ನೋಡಿದರೆ ಸಾಕೇ, ಲೋಕವೂ ನೋಡಬೇಡವೇ ಎಂಬುದು ಅವಳ ಸಂಕಟ. ಬಹಳ ಹೊತ್ತು ತಟ್ಟೆಯಲ್ಲಿ ಬೆರಳಾಡಿಸಿ, ಕರೆಯದೆಯೇ ಬಂದರೆ ಆಗಬಹುದೇ ಎಂದು ಕೇಳಿದಳು. ಕರೆಯದೆ ಬಂದರೆ ಅದು ಅವನ ಸ್ವಂತ ವಿಚಾರ, ತನ್ನದೇನೂ ತಕರಾರಿಲ್ಲ ಎಂದಳು ಅಜ್ಜಿ. "ಕರೆದು ಬಂದನೋ, ನಾಳೆಯಿಂದ ಹಗ್ಗ. ಆಮೇಲೆ ನನ್ನ ಹತ್ರ ಮೂಗು ಸೊರ ಸೊರ ಅನ್ನಿಸಬೇಡ."

ಹೊಸ ಮರಿ ಕೊಂಡು ತಂದಾಗ ಅದರ ಮೈಗೆ ಹಳೆಯ ಉಣ್ಣೆ ತಿಕ್ಕಿ, ದೊಡ್ಡಿಯಲ್ಲಿ ಮಂದೆಯೊಂದಿಗೆ ಬೆರೆಸುವುದು ರೂಢಿ. ಮೋಟ ಮೂಸಿ ಲೆಕ್ಕಕ್ಕೆ ತೆಗೆದುಕೊಂಡರೆ ಮುಗಿಯಿತು, ಅದು ಮಂದೆಯದು. ಚೂಟಿ ಸಿನಿಮಾದ ಹುಡುಗನಿಗೂ ಅದನ್ನೇ ಮಾಡಿದಳು. ಅವನ ಅಂಗಿಗೆ ಉಣ್ಣೆ ತಿಕ್ಕಿದಳು, ಮರಿಗಳ ನಡುವೆ ಕೂರಿಸಿ ಸೊಪ್ಪು ತಿನ್ನಿಸುವ ಕೆಲಸ ಕೊಟ್ಟಳು. ಹುಡುಗನ ಅಮ್ಮ ಮೂಗು ಮುಚ್ಚಿಕೊಂಡು ಗೋಡೆಯಾಚೆ ನಿಂತಿದ್ದಳು. ಹುಡುಗನಿಗಂತೂ ಸ್ವರ್ಗ. ಮೋಟ ಬಂದು ಅವನ ಮಂಡಿ ಮೂಸಿದ, ಕಿವಿ ಮೂಸಿದ, ಹೋಗಿ ಬಾಗಿಲಲ್ಲಿ ಮಲಗಿದ.

ಮರುದಿನ ಹುಡುಗ ಮಂದೆಯ ಜೊತೆಗೇ ಬಯಲಿಗೆ ನಡೆದ. ಅಲ್ಲಿಂದ ಅವನನ್ನು ಸದ್ದಿಲ್ಲದೆ ದೂರದ ದಿಬ್ಬಕ್ಕೆ ಕರೆದೊಯ್ದು ನಿಲ್ಲಿಸಿದರು. ಕ್ಯಾಮೆರಾ ಸಿದ್ಧವಾಯಿತು. ಮೋಟ ಕುರಿಗಳ ಆಚೆ ಬದಿಯಲ್ಲಿದ್ದ. ಸಮಯ ಕಳೆಯಿತು. ಒಂದೇ ಒಂದು ಶಿಳ್ಳೆ ಹಾಕಮ್ಮ ಎಂದು ನಿರ್ದೇಶಕ ಪಿಸುಗುಟ್ಟಿದ. ಚೂಟಿ ತುಟಿ ಒಳಗೆಳೆದುಕೊಂಡು ಇಲ್ಲವೆಂದು ತಲೆಯಾಡಿಸಿದಳು. ಶಿಳ್ಳೆ ಅವಳ ನಾಲಗೆಯ ತುದಿಯಲ್ಲೇ ಇತ್ತು.

ಮೋಟ ಮಂದೆಯನ್ನೊಮ್ಮೆ ಸುತ್ತಿದ. ನಿಂತ. ತಲೆಯೆತ್ತಿದ. ಮತ್ತೆ ಹೊರಟದ್ದು ಓಟವೆನ್ನುವುದಕ್ಕಿಂತ ಹುಲ್ಲಿನ ಮೇಲೆ ಹಾದುಹೋದ ಗಾಳಿ. ಹೊಟ್ಟೆ ನೆಲಕ್ಕೆ ತಾಗುವಂತೆ, ಕಿವಿಗಳೆರಡೂ ಹಿಂದಕ್ಕೆ ಮಲಗಿ, ಕಲ್ಲು ಪೊದೆ ಒಂದನ್ನೂ ಲೆಕ್ಕಿಸದೆ ಬಂದ. ಹುಡುಗನ ಮುಂದೆ ಗಕ್ಕನೆ ನಿಂತು ಮೊಣಕಾಲಿಗೆ ಭುಜ ಒತ್ತಿದ. ಹುಡುಗ ಬಿದ್ದು ನಕ್ಕ, ಎದ್ದು ಅವನ ಕುತ್ತಿಗೆ ಅಪ್ಪಿದ, ಇಬ್ಬರೂ ಒಬ್ಬರಿಗೊಬ್ಬರು ಒರಗಿಕೊಂಡೇ ಮಂದೆಯ ಕಡೆ ನಡೆದು ಬಂದರು. ನಿರ್ದೇಶಕ ಸಾಕು ಎನ್ನುವುದನ್ನೇ ಮರೆತಿದ್ದ.

ಸಂಜೆ ತೊಡಕಾಯಿತು. ಹುಡುಗ ವ್ಯಾನು ಹತ್ತಲು ಹೋದಾಗಲೆಲ್ಲ ಮೋಟ ಅಡ್ಡ ಬಂದು, ಭುಜ ಕೊಟ್ಟು, ದೊಡ್ಡಿಗೆ ತಿರುಗಿಸಿ ತರುತ್ತಿದ್ದ. ಮಗನನ್ನು ಇಲ್ಲೇ ಬಿಟ್ಟುಹೋಗುವುದಾ ಹೇಗೆ ಎಂದು ಅಮ್ಮ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ನಾಯಿಯನ್ನು ಕರೆದುಕೋ ಎಂದು ಎಲ್ಲರೂ ಚೂಟಿಯ ಮೇಲೆ ಬಿದ್ದರು. ಮೋಟನ ಲೆಕ್ಕದಲ್ಲಿ ಮಂದೆಯಲ್ಲೊಬ್ಬ ಇನ್ನೂ ಹೊರಗಿದ್ದ, ಈಗ ಕರೆದರೂ ಮಂದೆಯಿಂದ ಕರೆದಂತೆಯೇ, ನಾಳೆಯಿಂದ ಹಗ್ಗ. ಅಜ್ಜಿ ದೊಡ್ಡಿಯ ಗೋಡೆಗೆ ಒರಗಿ ನೋಡುತ್ತಿದ್ದಳು.

ಚೂಟಿ ಹುಡುಗನ ಕೈ ಹಿಡಿದು ಪುನಃ ದೊಡ್ಡಿಯೊಳಗೆ ಕರೆದೊಯ್ದಳು. ಕುರಿ ಮಾರಿದಾಗ ಅಜ್ಜಿ ಮಾಡುವ ಹಾಗೆ, ಅವನನ್ನು ಬಾಗಿಲಿನಿಂದಲೇ ನಿಧಾನವಾಗಿ ಹೊರತಂದು ಮೋಟನ ಮುಂದೆ ನಿಲ್ಲಿಸಿದಳು. ಮೋಟ ಅವಳ ಕೈ ಮೂಸಿದ, ಹುಡುಗನ ಕೈ ಮೂಸಿದ. ಅವಳು ಆ ಕೈಯನ್ನು ಅವನ ಅಮ್ಮನ ಕೈಯಲ್ಲಿಟ್ಟಳು.

"ಇನ್ನು ಇವನು ನಿಮ್ಮವನು," ಎಂದಳು, ವ್ಯಾಪಾರದ ಗಾಂಭೀರ್ಯದಲ್ಲಿ.

ಮೋಟ ಹುಡುಗನನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೈ ಕೊಡವಿ ಮಂದೆಯ ಕಡೆ ಹೋದ. ವ್ಯಾನು ಹೊರಟಾಗ ತಿರುಗಿಯೂ ನೋಡಲಿಲ್ಲ.

ಅಜ್ಜಿ ದೊಡ್ಡಿಯ ಬಾಗಿಲು ಎಳೆದಳು. "ನಾಳೆ ಮಂದೆ ಮುಂದೆ ನೀನು ನಡಿ," ಎಂದಳು.

"ನೀನು?"

"ನಾನ್ಯಾಕೆ? ನೀವಿಬ್ಬರು ಇದ್ದೀರಲ್ಲ. ನಾನು ಬಿಸಿಲೇರೋವರೆಗೂ ಮಲಗ್ತೀನಿ."